ಮುಗಿಯದ ಮಂಗಳವಾರ

ಹೋದ ತಿಂಗಳು ಸಪ್ತಾಪುರದ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಕರೆಂಟು ಹೋಗಿತ್ತು. ಮೂಲೆಯಲ್ಲಿ ಯುಪಿಎಸ್ ಕುಂಯ್‌ಗುಡುತ್ತಿತ್ತು. ಕಾಯ್ದ ಪ್ಲಾಸ್ಟಿಕ್ಕಿನ ವಾಸನೆ, ಅದರ ಮೇಲೆ ಅಂಗಡಿಯವರು ಬೆಳಿಗ್ಗೆ ಹಚ್ಚಿಟ್ಟ ಊದಿನಕಡ್ಡಿಯ ವಾಸನೆ. ಹಳೆಯ ವಾಸನೆ ಮೂಗಿಗೆ ಬಡಿದರೆ ಜನಕ್ಕೆ ಕಣ್ಣು ತೇವವಾಗುತ್ತದಂತೆ. ನನಗೆ ಸಿಟ್ಟು ಬಂತು. ಇದೇ ವಾಸನೆಯ ಕೋಣೆಯಲ್ಲಿ ನನ್ನನ್ನು ದುಡಿಸಿದ ವಾಮನ ಕಾಕಾನ ಮೇಲೆ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಆದರೆ ಹಾಗೆ ಅನ್ನುವವರು ಯಾರೂ ಅವರ ಕೈಕೆಳಗೆ ಎರಡು ಸಾವಿರದ ಒಂದನೇ ಇಸವಿಯ ಚಳಿಗಾಲ ಕಳೆದವರಲ್ಲ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು; ಧಾರವಾಡದ ಅರ್ಧ ಜನ ಅವರಿಂದ ಬೈಸಿಕೊಂಡವರೇ, ಇನ್ನರ್ಧ ಅವರನ್ನು ಕಾಕಾ ಎಂದು ಕರೆಯುವವರು. ಅವರ ಮನೆತನದ್ದು ಪಂಚಾಂಗದ ಲೆಕ್ಕ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡದೆ ಕಂಪ್ಯೂಟರ್ ಕಲಿತು, ಪಂಚಾಂಗ ತೆಗೆಯುವ ಒಂದು ಸಾಫ್ಟ್‌ವೇರ್ ಬರೆದರು. ಊರಿನ ಹೆಸರು ಕೊಟ್ಟರೆ ಸೂರ್ಯೋದಯ, ಚಂದ್ರೋದಯ, ತಿಥಿ, ನಕ್ಷತ್ರ ಎಲ್ಲ ಪರದೆಯ ಮೇಲೆ. ನಾನು ಉಣಕಲ್ಲಿನ ಒಕ್ಕಲುತನದ ಮನೆಯ ಹುಡುಗಿ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. ದಿನಾ ಬಸ್ಸಿಗೆ ಜೋತುಬಿದ್ದು ಧಾರವಾಡಕ್ಕೆ ಬಂದು, ಅವರ ಮನೆಯ ಹಿತ್ತಲ ಕೋಣೆಯಲ್ಲಿ ಕೂತು ಆ ಸಾಫ್ಟ್‌ವೇರಿಗೆ ಬಣ್ಣ, ಬಟನ್ನು, ಕಿಟಕಿ ಹಚ್ಚುವುದು ನನ್ನ ಕೆಲಸ. ಲೆಕ್ಕ ಅವರದು.

ಆ ಲೆಕ್ಕದ ಫೈಲನ್ನು ನಾನು ಬಳಸಬಹುದಿತ್ತು, ತೆರೆಯುವ ಹಾಗಿರಲಿಲ್ಲ. ಅದನ್ನು ಬರೆದ ಮೂಲ ಒಂದು ಫ್ಲಾಪಿಯಲ್ಲಿತ್ತು, ಆ ಫ್ಲಾಪಿ ದೇವರ ಮನೆಯಲ್ಲಿ ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲಿತ್ತು. ಹುಡುಗಾಟವಲ್ಲ, ನಿಜವಾಗಿಯೂ ಅಲ್ಲೇ ಇತ್ತು. ಮಡಿಯಲ್ಲಿರದವರು ಆ ಹೊಸ್ತಿಲು ದಾಟುವಂತಿಲ್ಲ, ನಾನಂತೂ ದಾಟುವ ಮಾತೇ ಇಲ್ಲ. ಕಾಕು, ಅಂದರೆ ಕಾಕಾನ ಹೆಂಡತಿ, ನನ್ನನ್ನು ಅಡುಗೆಮನೆಗೇ ಕರೆದು ಒಗ್ಗರಣೆ ಅವಲಕ್ಕಿ ಹಾಕಿಕೊಡುತ್ತಿದ್ದರು. ಅಡುಗೆಮನೆಗೆ ಇಲ್ಲದ ಮಡಿ ಫ್ಲಾಪಿಗೆ ಇತ್ತು.

"ಕಾಕಾ, ಒಂದೇ ಒಂದ್ಸಲ ತೋರಸ್ರಿ. ಒಳಗ ಏನೈತಿ ಅಂತ ಗೊತ್ತಾದ್ರ ನನಗ ಕೆಲಸಾ ಹಗರಾಕ್ಕತಿ."

"ಗಂಗಾ, ನೀ ಮ್ಯಾಲಿನ ಸಿಂಗಾರ ಮಾಡು. ಒಳಗಿಂದು ನಾ ನೋಡ್ಕೋತೀನಿ."

ಆ ಮಳೆಗಾಲದಲ್ಲಿ, ಧಾರವಾಡದ ಜಿಟಿಜಿಟಿ ಹನಿ ಹಗಲೂರಾತ್ರಿ ಬಿಡದೆ ಹಿಡಿದಿದ್ದಾಗ, ನಾರ್ವೆ ದೇಶದಿಂದ ಒಂದು ಈಮೇಲ್ ಬಂತು. ಬರೆದವರು ಸಿಗ್ರಿಡ್ ಎಂಬ ಹೆಂಗಸು. ಆ ದೇಶದ ತೀರಾ ಉತ್ತರದ ತುದಿಯಲ್ಲಿ ಅವರದೊಂದು ಸಣ್ಣ ವಸತಿಗೃಹ. ಅಲ್ಲಿ ಚಳಿಗಾಲದ ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಆಡುತ್ತದೆ, ಉತ್ತರದ ಬೆಳಕು ಅನ್ನುತ್ತಾರೆ. ಅದನ್ನು ನೋಡಲೆಂದೇ ಜನ ದೂರದೂರದಿಂದ ಬರುತ್ತಾರೆ. ಆದರೆ ಅದು ಹೇಳಿ ಕೇಳಿ ಬರುವ ಅತಿಥಿಯಲ್ಲ. ಬಂದವರು ಎಷ್ಟು ಹೊತ್ತೆಂದು ಹಿಮದಲ್ಲಿ ನಿಂತಾರು? ನಿಂತು ನಿಂತು ಸಾಕಾಗಿ ಮಲಗಿದ ಮೇಲೆ ಬೆಳಕು ಬರುತ್ತದೆ, ಬೆಳಿಗ್ಗೆ ಎದ್ದು ಅಳುತ್ತಾರೆ. ನಮ್ಮ ಸಾಫ್ಟ್‌ವೇರಿನ ಮಾದರಿಯನ್ನು ಆಕೆ ಇಂಟರ್‌ನೆಟ್ಟಿನಲ್ಲಿ ನೋಡಿದ್ದರು. ಯಾವ ಊರಿಗಾದರೂ ಕತ್ತಲೆ ಎಷ್ಟು, ಬೆಳದಿಂಗಳು ಎಷ್ಟು ಎಂದು ಇಷ್ಟು ಚೆನ್ನಾಗಿ ಹೇಳುತ್ತೀರಲ್ಲ, ಇವತ್ತು ರಾತ್ರಿ ಬೆಳಕು ಕಾಣುವ ಸಂಭವ ಎಷ್ಟು ಎಂದು ಹೇಳುವಂತೆ ಮಾಡಿಕೊಡುತ್ತೀರಾ ಎಂದು ಕೇಳಿದ್ದರು.

ನನಗೆ ಕುಣಿಯುವಂತಾಯಿತು. ಆ ಬೆಳಕು ಬರುವುದು ಸೂರ್ಯನಿಂದ ಹಾರಿಬರುವ ಕಣಗಳಿಂದ, ಸೂರ್ಯ ಎಷ್ಟು ರೇಗಿದ್ದಾನೆ ಎಂಬ ಅಂಕಿಗಳು ದಿನವೂ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ ಎಂದೆಲ್ಲ ಓದಿಕೊಂಡೆ. ಆ ಅಂಕಿ, ಮೋಡದ ವರದಿ, ಚಂದ್ರ, ಕತ್ತಲೆ ಎಲ್ಲ ಕೂಡಿಸಿ ಒಂದು ಉತ್ತರ ಕೊಡಬೇಕು: ಏಳಿ, ಹೊರಗೆ ಬನ್ನಿ, ಇಲ್ಲವೇ, ಮಲಗಿರಿ. ಗಣಪತಿ ಹಬ್ಬದ ಹೊತ್ತಿಗೆ ಕಿಟಕಿ ಸಿದ್ಧವಾಯಿತು. ಸಿಗ್ರಿಡ್ ತಮ್ಮ ವಸತಿಗೃಹದ ಮೇಲೆ ಬೆಳಕು ಹರಡಿದ್ದ ಒಂದು ಫೋಟೋ ಕಳಿಸಿದ್ದರು, ಸಾಫ್ಟ್‌ವೇರ್ ತೆರೆದ ಕೂಡಲೇ ಅದು ಬರುವಂತೆ ಮಾಡಿದೆ. ಕಾಕಾ ಕುತ್ತಿಗೆ ವಾರೆ ಮಾಡಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಇದೇನಿದು, ಕೆಸರು ಚೆಲ್ಲಿದಂಗ ಅದ. ತಗಿ ಇದನ್ನ."

"ಕೆಸರಲ್ರಿ ಕಾಕಾ, ಹಸರ ಐತ್ರಿ. ಎಳೀ ಬಾಳಿ ಎಲಿಯಂಗ ಐತಿ."

"ಹಸರ ನನಗ ಗೊತ್ತಿಲ್ಲೇನು? ಮೂವತ್ತು ವರ್ಷ ಮಕ್ಕಳಿಗೆ ಕಲಿಸೀನಿ."

ಗಣಿತ ಕಲಿಸಿದವರಿಗೆ ಹಸಿರಿನ ಮೇಲೆ ಅಧಿಕಾರ ಎಲ್ಲಿಂದ ಬಂತೋ ನಾನರಿಯೆ. ಫೋಟೋ ಮಾತ್ರ ತೆಗೆಯಲಿಲ್ಲ. ಕಾಕು ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು, ಸುಮ್ಮನಿರು ಅಂತ.

ಏಕೆಂದರೆ ಕಾಕಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಮಂದಿಗೆಲ್ಲ ಗೊತ್ತಿತ್ತು, ಹಾಲು ಹಾಕುವವನಿಗೂ ಗೊತ್ತಿತ್ತು. ಕಾಕಾ ಮಾತ್ರ ಒಪ್ಪುತ್ತಿರಲಿಲ್ಲ. ಚಹಾ ಬಸಿಗೆ ಹಾಕಿದರೆ ಅರ್ಧ ಬಸಿಯಲ್ಲಿ, ಅರ್ಧ ಧೋತರದ ಮೇಲೆ. ಪರದೆಯ ಅಕ್ಷರವನ್ನು ದೊಡ್ಡದು ಮಾಡು, ಇನ್ನೂ ದೊಡ್ಡದು ಮಾಡು ಎಂದು ಮಾಡಿಸಿ ಮಾಡಿಸಿ ಕೊನೆಗೆ ಒಂದು ಸಾಲಿಗೆ ಮೂರು ಪದ ಕೂಡುತ್ತಿದ್ದವು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಪೊರೆ ಬಲಿತಿದೆ, ಎಡಗಣ್ಣಿನೊಳಗೆ ಒತ್ತಡ ಏರುತ್ತಿದೆ, ದೀಪಾವಳಿಯೊಳಗೆ ಆಪರೇಶನ್ ಮಾಡಿಸದಿದ್ದರೆ ಕಣ್ಣೇ ಹೋಗುತ್ತದೆ.

ಡಾಕ್ಟರು ದಿನ ಕೊಡುತ್ತಿದ್ದರು, ಕಾಕಾ ಪಂಚಾಂಗ ತೆಗೆಯುತ್ತಿದ್ದರು. ಒಂದು ಸಲ ಮಂಗಳವಾರ, ಮೈಗೆ ಕಬ್ಬಿಣ ತಾಗಿಸಬಾರದು. ಮತ್ತೊಂದು ಸಲ ಅಷ್ಟಮಿ. ಇನ್ನೊಂದು ಸಲ ದಿನ ಒಳ್ಳೆಯದೇ ಇತ್ತು, ಆದರೆ ಡಾಕ್ಟರು ಹೇಳಿದ ಹೊತ್ತು ರಾಹುಕಾಲ. ಕಾಕು ಡಾಕ್ಟರಿಗೆ ಫೋನ್ ಮಾಡಿ ಮಾಡಿ ಸೋತರು. "ಇವರ ಲಗ್ನಕ್ಕೂ ಇಷ್ಟ ಮುಹೂರ್ತ ನೋಡಿದ್ದಿಲ್ಲವಾ. ನೋಡಿದ್ರ ಛಲೋ ಇತ್ತು, ನಾ ಪಾರಾಗತಿದ್ದೆ," ಅಂದರು ನನ್ನ ಹತ್ತಿರ. ನಗುತ್ತಲೇ ಅಂದರು. ಆದರೆ ಮಧ್ಯಾಹ್ನ ಕಾಕಾ ಬಾವಿಕಟ್ಟೆಯ ಕಡೆ ಹೊರಟರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹಿಂದೆಯೇ ಓಡುತ್ತಿದ್ದರು.

ಇತ್ತ ಸಾಫ್ಟ್‌ವೇರ್ ಸಿಗ್ರಿಡ್‌ರ ಕೈ ಸೇರಿತ್ತು. ಅಕ್ಟೋಬರಿನಲ್ಲಿ ಚೆನ್ನಾಗಿ ನಡೆಯಿತು. ಆಕೆ ಸಂತೋಷದಿಂದ ಬರೆಯುತ್ತಿದ್ದರು: ನಿನ್ನೆ ನಿಮ್ಮ ಯಂತ್ರ ಏಳಿ ಅಂದಿತು, ಎಲ್ಲರೂ ಎದ್ದೆವು, ನೋಡಿದೆವು. ಉಣಕಲ್ ಕೆರೆಯ ದಂಡೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಒಳಗೊಳಗೇ ಜಂಬ ಆಗುತ್ತಿತ್ತು. ಎಲ್ಲಿಯ ಉಣಕಲ್ಲು, ಎಲ್ಲಿಯ ನಾರ್ವೆ. ನಾನು ಹೇಳಿದರೆ ಅಲ್ಲಿ ಜನ ನಿದ್ದೆಯಿಂದ ಏಳುತ್ತಾರೆ!

ಆದರೆ ಒಂದು ಸಂಶಯ ಕೊರೆಯುತ್ತಿತ್ತು. ಪಂಚಾಂಗದವರಿಗೆ ದಿನ ಬದಲಾಗುವುದು ಮಧ್ಯರಾತ್ರಿಗಲ್ಲ, ಸೂರ್ಯೋದಯಕ್ಕೆ. ಬೆಳಗಿನ ಜಾವ ನಾಲ್ಕು ಗಂಟೆಯಾದರೂ ಸೂರ್ಯ ಹುಟ್ಟುವ ತನಕ ಹಿಂದಿನ ದಿನವೇ. ಕಾಕಾನ ಲೆಕ್ಕದ ಫೈಲೂ ಹಾಗೇ: ಸೂರ್ಯೋದಯ ಕಂಡಿತೋ, ವಾರ ಬದಲು, ಹೊಸ ದಿನದ ಲೆಕ್ಕ ಶುರು. ಸಿಗ್ರಿಡ್‌ರ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿಯ ತನಕ ಸೂರ್ಯ ಹುಟ್ಟುವುದೇ ಇಲ್ಲ.

"ಕಾಕಾ, ಅಲ್ಲಿ ಮುಂದ ಸೂರ್ಯಾ ಹುಟ್ಟಂಗಿಲ್ರಿ. ಆವಾಗ ನಿಮ್ಮ ಫೈಲ್ ಏನ್ ಮಾಡತೈತಿ?"

"ಭೂಗೋಳ ನನಗ ಹೇಳಿಕೊಡ್ತೀಯೇನು?"

"ಅಲ್ರಿ, ಫ್ಲಾಪಿ ತಗದು ಒಮ್ಮಿ ನೋಡ್ರಿ."

"ಈಗ ಕಾರ್ತಿಕ ನಡದದ. ದೇವರ ಮನಿಯೊಳಗಿಂದು ಏನೂ ಕದಲಸೂದು ಬ್ಯಾಡ. ಮುಂದ ನೋಡೂಣು."

ಫ್ಲಾಪಿ ತೆಗೆದರೆ ಓದಬೇಕಾಗುತ್ತದೆ, ಓದಲು ಕಣ್ಣು ಕಾಣುವುದಿಲ್ಲ ಎಂಬುದು ಬಯಲಾಗುತ್ತದೆ. ಕಾರ್ತಿಕ ಮಾಸವನ್ನು ಅವರು ಅದಕ್ಕೆ ಅಡ್ಡ ಹಿಡಿದಿದ್ದರು. ನನಗೆ ಇದು ಅರ್ಥವಾಗಿತ್ತು. ಅರ್ಥವಾಗಿ ಏನು ಮಾಡಲಿ, ಹಿರಿಯರ ಮುಂದೆ ನಿಂತು ನಿಮಗೆ ಕಣ್ಣು ಕಾಣುವುದಿಲ್ಲ ಅನ್ನಲಾದೀತೇ?

ನವೆಂಬರ್ ಕೊನೆಯ ಒಂದು ಮಂಗಳವಾರ ಅಲ್ಲಿ ಸೂರ್ಯ ಕೊನೆಯ ಬಾರಿ ಇಣುಕಿ ಹೋದ. ನಮ್ಮ ಸಾಫ್ಟ್‌ವೇರ್ ಮಂಗಳವಾರದಲ್ಲೇ ಕೂತುಬಿಟ್ಟಿತು. ಬುಧವಾರ ಸಿಗ್ರಿಡ್ ಬರೆದರು: ಇದು ಇನ್ನೂ ಮಂಗಳವಾರ ತೋರಿಸುತ್ತಿದೆ. ಶುಕ್ರವಾರ ಮತ್ತೆ ಬರೆದರು: ಈಗಲೂ ಮಂಗಳವಾರ. ನಾನು ಈಮೇಲ್ ಓದಿ ಹೇಳಿದೆ.

"ಅವರ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಹೋಗಿರಬೇಕು. ಬದಲಸ್ರಿ ಅಂತ ಬರಿ," ಅಂದರು ಕಾಕಾ.

ಪಾಪ, ಆ ಹೆಂಗಸು ಹಿಮದಲ್ಲಿ ಪೇಟೆಗೆ ಹೋಗಿ ಹೊಸ ಬ್ಯಾಟರಿ ತಂದು ಹಾಕಿಸಿದರು. ಮಂಗಳವಾರವೇ. ಅಂಗೈಯಲ್ಲಿನ ಹುಣ್ಣಿಗೆ ಕನ್ನಡಿ ಬೇಕೇ? ನಾನು ಕಾಕಾಗೆ ಹೇಳಿದೆ, ಕಾಕುವಿಗೆ ಹೇಳಿದೆ, ಹಿತ್ತಲಿನ ಪೇರಲ ಗಿಡಕ್ಕೂ ಹೇಳಿದೆ. ಕಾಕಾ ಒಂದೇ ಪಟ್ಟು: "ವಾರದ ಹೆಸರಷ್ಟ ತಪ್ಪು ಬೀಳ್ಲಿಕ್ಕತ್ತದ. ಒಳಗಿನ ಲೆಕ್ಕ ಬರೋಬರಿ ಅದ. ಹಂಗಂತ ಬರಿ." ಬರೋಬರಿ ಇರಲಿಲ್ಲ. ಇರಲಾರದು ಎಂದು ನನಗೆ ಅನ್ನಿಸುತ್ತಿತ್ತು, ತೆರೆದು ನೋಡದೆ ಸಾಬೀತು ಮಾಡುವ ದಾರಿ ನನಗಿರಲಿಲ್ಲ. ಅವರು ಹೇಳಿದಂತೆ ಬರೆದೆ. ಸಿಗ್ರಿಡ್ ನಂಬಿದರು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಕಾಕಾ ಊಟ ಮುಗಿಸಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಿದ್ದರು. ನಾನು ಎತ್ತಿದೆ. ಅತ್ತ ಸಿಗ್ರಿಡ್. ಆಕೆಯ ಇಂಗ್ಲಿಷೂ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ, ಆದ್ದರಿಂದ ಚೆನ್ನಾಗಿಯೇ ಅರ್ಥವಾಯಿತು. ಆಕೆ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದು ಇಳಿದಿದ್ದರಂತೆ, ನಿವೃತ್ತ ಶಾಲಾ ಶಿಕ್ಷಕಿ, ನಮ್ಮ ಕಡೆ ಅಕ್ಕೋರು ಅನ್ನುತ್ತೇವಲ್ಲ, ಹಾಗೆ. ಬದುಕಿನುದ್ದಕ್ಕೂ ಮಕ್ಕಳಿಗೆ ಆ ಬೆಳಕಿನ ಪಾಠ ಮಾಡಿದವರು, ಒಂದು ಸಲವೂ ನೋಡಿದವರಲ್ಲ. ಒಂದು ವಾರ ಇದ್ದರು. ಪ್ರತಿ ಸಂಜೆ ಸಿಗ್ರಿಡ್ ನಮ್ಮ ಯಂತ್ರ ನೋಡಿ ಹೇಳುವುದು: ಇವತ್ತೂ ಸಂಭವ ತೀರಾ ಕಡಿಮೆ, ಮಲಗಿರಿ. ದಿನ ಬದಲಾಗದೆ ಅದು ಹೊಸ ಅಂಕಿಗಳನ್ನು ತೆಗೆದುಕೊಂಡೇ ಇರಲಿಲ್ಲ, ಹೇಳುತ್ತಿದ್ದದ್ದು ಆ ಸತ್ತ ಮಂಗಳವಾರದ ಸುದ್ದಿ. ಮಂಗಳವಾರ ರಾತ್ರಿ ಅಲ್ಲಿ ಮೋಡ ಕವಿದಿತ್ತು, ಸೂರ್ಯ ತಣ್ಣಗಿದ್ದ. ಫೋನ್ ಬಂದ ದಿನದ ಹಿಂದಿನ ರಾತ್ರಿ ಊರಿಗೆ ಊರೇ ಬೀದಿಗೆ ಬಂದು ಕತ್ತೆತ್ತಿ ನಿಂತಿತ್ತಂತೆ, ಅಂಥ ಬೆಳಕು. ಪಕ್ಕದ ಮನೆಯವರು ಬೆಳಿಗ್ಗೆ ಹೇಳಿದಾಗಲೇ ಸಿಗ್ರಿಡ್‌ಗೆ ಗೊತ್ತಾದದ್ದು. ಆ ಶಿಕ್ಷಕಿ ಪರದೆ ಎಳೆದುಕೊಂಡು, ಯಂತ್ರ ಹೇಳಿದಂತೆ ನಿದ್ದೆ ಮಾಡಿದ್ದರು.

ಫೋನ್ ಹಿಡಿದುಕೊಂಡೇ ನಾನು ಅಷ್ಟನ್ನೂ ಕಾಕಾಗೆ ಹೇಳಿದೆ. ಯಾವ ಮುಲಾಜೂ ಇಟ್ಟುಕೊಳ್ಳಲಿಲ್ಲ.

ಕಾಕಾ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಅವರು ಇನ್ನೂ ಅಲ್ಲೇ ಇದ್ದಾರೇನು ಕೇಳು."

ಕೇಳಿದೆ. "ಮುಂಜಾನೆ ಹೋದ್ರಂತ್ರಿ."

"ಮುಂದಿನ ವರ್ಷ ಬರತಾರೇನು ಕೇಳು."

ಕೇಳಿದೆ. ಸಿಗ್ರಿಡ್ ಹೇಳಿದ್ದನ್ನು ಹೇಳಿದೆ: "ವಯಸ್ಸಾಗೈತಂತ್ರಿ. ಇನ್ನ ಬರೂದು ಆಗೂದಿಲ್ಲ ಅಂತ ಹೇಳಿ ಹೋದ್ರಂತ."

ಫೋನ್ ಇಟ್ಟೆ. ಕಾಕು ಒಳಗಿನಿಂದ ಬಂದು ನಿಂತಿದ್ದರು. ಕಾಕಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಗೋಡೆ ಕಾಣುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಆಮೇಲೆ ಅಂದರು:

"ಗಂಗಾ, ದೇವರ ಮನಿಯೊಳಗಿನ ಫ್ಲಾಪಿ ತಗೊಂಡ ಬಾ."

ನಾನು ಕಾಕುವಿನ ಮುಖ ನೋಡಿದೆ. "ಕಾಕೂ ತರ್ತಾರ್ರಿ. ನಾ ಬಸ್ಸಿನ್ಯಾಗ ಬಂದಾಕಿ, ಮಡೀ..."

"ನಿನಗ ತಗೊಂಡ ಬಾ ಅಂದೆ."

ಹೋದೆ. ಆ ಹೊಸ್ತಿಲು ದಾಟಿದೆ. ಫ್ಲಾಪಿಯ ಮೇಲೆ ಅರಿಶಿನ ಕುಂಕುಮ ಬಿದ್ದಿತ್ತು. ಸೆರಗಿನಿಂದ ಒರೆಸಿಕೊಂಡು ತಂದು ಯಂತ್ರಕ್ಕೆ ಹಾಕಿದೆ. ಪುಣ್ಯಕ್ಕೆ ತೆರೆಯಿತು. ಕಾಕಾ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು, ಕುತ್ತಿಗೆ ವಾರೆ ಮಾಡಿದರು, ಹತ್ತಿರ ಹೋದರು, ಹಿಂದೆ ಬಂದರು. ನಾನು ಅಕ್ಷರ ದೊಡ್ಡದು ಮಾಡಲು ಕೈ ಚಾಚಿದೆ.

"ಬ್ಯಾಡ," ಅಂದರು. "ಎಷ್ಟ ದೊಡ್ಡದು ಮಾಡಿದ್ರೂ ಅಷ್ಟ. ನನಗ ಕಾಣ್ಸೂದಿಲ್ಲ. ನೀ ಓದು."

ಅಷ್ಟು ದಿನ ಆ ಒಂದು ಮಾತಿಗಾಗಿ ನಾವಿಬ್ಬರೂ ಹೆಂಗಸರು ಗೋಡೆಗೆ ತಲೆ ಚಚ್ಚಿಕೊಂಡಿದ್ದೆವು. ಈಗ ಬಂದಾಗ ಕೇಳಲಿಕ್ಕಾಗಲಿಲ್ಲ. ಕಾಕು ಒಳಗೆ ಹೋಗಿಬಿಟ್ಟರು.

ನಾನು ಒಂದೊಂದೇ ಸಾಲು ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಎಲ್ಲವೂ ಅವರ ಬಾಯಲ್ಲಿತ್ತು. ನಾನು ಒಂದು ಚಿಹ್ನೆ ಬಿಟ್ಟು ಓದಿದರೂ ತಡೆದು, ಅಲ್ಲಿ ಕಂಸ ಅದ, ಸರಿಯಾಗಿ ಓದು ಎಂದು ಗದರುತ್ತಿದ್ದರು. ಮುಂದಿನ ಸೂರ್ಯೋದಯ ಹುಡುಕು, ಸಿಗುವ ತನಕ ಇದೇ ದಿನ ಎಂಬ ಸಾಲಿಗೆ ಬಂದಾಗ ಕೈ ಎತ್ತಿದರು.

"ಇಲ್ಲೇ. ಇಲ್ಲೇ ತಪ್ಪೀನಿ."

"ಮಧ್ಯರಾತ್ರಿಗೆ ದಿನಾ ಬದಲ್ ಆಗೂವಂಗ ಮಾಡೂಣೇನ್ರಿ?" ನಾನು ಆಸೆಯಿಂದ ಕೇಳಿದೆ.

"ಥೂ. ಅದು ಪೊಲೀಸ್ ಡೈರಿ ದಿನಾ, ಪಂಚಾಂಗದ್ದಲ್ಲ," ಅಂದರು. ಆ ಸ್ಥಿತಿಯಲ್ಲೂ ಹಟ ಹೋಗಿರಲಿಲ್ಲ. ಆಮೇಲೆ ದಾರಿ ಹೇಳಿದರು: "ಸೂರ್ಯ ಹುಟ್ಟದಿದ್ರೂ ಮಧ್ಯಾಹ್ನ ಆಗತದ, ಗಂಗಾ. ನೆಲದ ಕೆಳಗ ಇದ್ದರೂ ದಿನಕ್ಕೊಮ್ಮೆ ದಕ್ಷಿಣದ ಗೆರಿ ದಾಟಿ ಹೋಗೇ ಹೋಗತಾನ. ಅವಾ ದಾಟಿದಾಗ ದಿನಾ ಬದಲಸು. ರಾತ್ರಿ ನೋಡವ್ರಿಗೂ ಅದ ಛಲೋ, ಪೂರಾ ಒಂದು ರಾತ್ರಿ ಒಂದ ದಿನದಾಗ ಬರತದ."

ಅವರು ಹೇಳಿದರು, ನಾನು ಬರೆದೆ. ಚಹಾ ಆರುವುದರೊಳಗೆ ಮುಗಿಯಿತು. ಓಡಿಸಿ ನೋಡಿದರೆ ಗುರುವಾರ! ಎರಡು ವಾರದಿಂದ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡಿದ್ದ ಮಂಗಳವಾರ ಚಹಾ ಆರುವಷ್ಟರಲ್ಲಿ ಹೋಯಿತು. ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ಇಷ್ಟೇ ಆಗಿದ್ದರೆ ನಾನು ಮೊದಲು ಕೇಳಿದಾಗಲೇ ಏಕೆ ಮಾಡಲಿಲ್ಲ? ಆ ಮುದುಕಿ ಮಲಗುವ ಮೊದಲು ಏಕೆ ಮಾಡಲಿಲ್ಲ? ಕೇಳಲು ಬಾಯಿ ತೆರೆದೆ, ಕರೆಂಟು ಹೋಯಿತು, ಯುಪಿಎಸ್ ಕುಂಯ್‌ಗುಟ್ಟಿತು. ಅದು ನಿಲ್ಲುವ ಮೊದಲು ಫೈಲ್ ಕಳಿಸುವ ಗಡಿಬಿಡಿಯಲ್ಲಿ ಮಾತು ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕಾಕಾ ಕರೀ ಟೋಪಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಕಾಕುವಿನ ಕೈಯಲ್ಲಿ ಬಟ್ಟೆಯ ಚೀಲ.

"ಆಟೋ ಕರಿ. ಹುಬ್ಬಳ್ಳಿಗೆ ಹೋಗೂಣು, ಕಣ್ಣಿನ ಡಾಕ್ಟರ ಕಡೆ."

ನಾನು ಬೇಕಂತಲೇ ಚುಚ್ಚಿದೆ: "ಇವತ್ತ ಅಮಾವಾಸಿ ಐತ್ರಿ ಕಾಕಾ."

"ಗೊತ್ತದ. ಪಂಚಾಂಗ ನಾನ ಬರದೀನಿ. ನೀ ಆಟೋ ಕರಿ."

ಆಟೋ ನವನಗರ ದಾಟಿತು. ಕೆರೆಯ ಗಾಳಿ ಬಡಿದಾಗ ಕಾಕಾ, ಉಣಕಲ್ ಬಂತೇನು, ಅಂದರು. ಬಂತು ಅಂದೆ. ನಿಮ್ಮ ಮನಿ ಯಾವ ಕಡೆ ಅಂದರು. ಎರಡು ವರ್ಷ ಅವರ ಹತ್ತಿರ ದುಡಿದಿದ್ದೆ, ಅದೇ ಮೊದಲ ಸಲ ಕೇಳಿದ್ದು.

ಡಾಕ್ಟರು ನೋಡಿದವರೇ ಬೈದರು. ದೀಪಾವಳಿಗಿಂತ ಮೊದಲು ಬಂದಿದ್ದರೆ ಎರಡೂ ಉಳಿಯುತ್ತಿದ್ದವು. ಎಡಗಣ್ಣು ಹೋಗಿದೆ, ಅದಕ್ಕೆ ಇನ್ನು ಯಾವ ಉಪಾಯವೂ ಇಲ್ಲ, ಬಲಗಣ್ಣು ಉಳಿಸಿಕೊಡುತ್ತೇನೆ. ಕಾಕಾ ತಲೆ ಅಲ್ಲಾಡಿಸಿದರು. ಕಾಕು ಅಳಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡು, "ಮುಹೂರ್ತ ನೋಡಿ ನೋಡಿ ಒಂದು ಕಣ್ಣು ಕಳಕೊಂಡ್ರಲ್ಲವಾ," ಅಂದರು. ಅದಕ್ಕೇ ಹೇಳುವುದು, ನನ್ನ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಪಟ್ಟಿ ಬಿಚ್ಚಿ, ಕರೀ ಕನ್ನಡಕ ಹಾಕಿಕೊಂಡು ಮನೆಗೆ ಬಂದ ಕೆಲವು ದಿನಕ್ಕೆ ಕಾಕಾ ಹಿತ್ತಲ ಕೋಣೆಗೆ ಬಂದರು. ಪರದೆ ನೋಡಬಾರದು ಎಂದು ಡಾಕ್ಟರು ಹೇಳಿದ್ದರು, ಅದನ್ನೆಲ್ಲಿ ಕೇಳುತ್ತಾರೆ. ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. ನಾನು ಸಾಫ್ಟ್‌ವೇರ್ ತೆರೆದೆ. ಮೊದಲು ಆ ಫೋಟೋ ಬಂತು: ಹಿಮದ ಮೇಲೆ ಸಣ್ಣ ಮನೆ, ಮನೆಯ ಮೇಲೆ ಆಕಾಶದ ತುಂಬ ಬೆಳಕು. ಅದು ಸರಿದು ಮುಂದಿನ ಕಿಟಕಿ ಬರಬೇಕು, ಕಾಕಾ ನನ್ನ ಕೈ ತಡೆದರು.

"ಗಂಗಾ. ಇದು ಹಸರ ಅದ."

"ಹೌದ್ರಿ."

"ಎಷ್ಟು ಹಸರ ಅದಲ್ಲ! ಮತ್ತ ಮೊದಲ ಯಾಕ ಹೇಳಲಿಲ್ಲ?"

ಬಾಗಿಲಲ್ಲಿ ನಿಂತಿದ್ದ ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ನನಗಂತೂ ತಲೆ ಕೆಟ್ಟುಹೋಯಿತು. "ಗಣಪತಿ ಹಬ್ಬದಿಂದ ಹೇಳಾಕತ್ತೇನ್ರಿ ಕಾಕಾ! ಎಳೀ ಬಾಳಿ ಎಲಿ ಅಂತ ಹೇಳಿದ್ನಿ, ಕೆಸರು ಅಂದ್ರಿ, ತಗಿ ಅಂದ್ರಿ, ಮೂವತ್ತು ವರ್ಷ ಕಲಿಸೀನಿ ಅಂದ್ರಿ..." ಕೂಡಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಇನ್ನೂ ಬಹಳ ಇತ್ತು.

ಕಾಕಾ ಕೇಳುತ್ತಿರಲಿಲ್ಲ. ಉಳಿದ ಒಂದು ಕಣ್ಣನ್ನು ಆ ಹಸಿರಿನಿಂದ ಕೀಳದೆ, ತಮ್ಮಷ್ಟಕ್ಕೇ ಅನ್ನುವ ಹಾಗೆ ಅಂದರು:

"ಆ ಅಕ್ಕೋರು ಇದನ್ನ ನೋಡದನ ಹೋದ್ರಲ್ಲ."